ಅಶ್ವತ್ಥಮ್ಮನ ಮುಖ ಮತ್ತು ಕ್ಯಾಮೆರಾ ರುದ್ರಮುನಿಯ ಸಿಟ್ಟು

ಮಧುಗಿರಿ ಪೇಟೆಯ ರುದ್ರಮುನಿಗೆ ಸಿಟ್ಟು ಬಂದರೆ ಅದರ ಮೇಲೆ ಹಂಡೆಯಿಟ್ಟು ಒಂದು ಮದುವೆಯ ಅಡುಗೆ ಮಾಡಿ ಮುಗಿಸಬಹುದು, ಸೌದೆ ಬೇಡ ಎಂದು ಅವನನ್ನು ಬಲ್ಲವರು ಹೇಳುತ್ತಾರೆ. ಇದರಲ್ಲಿ ಸ್ವಲ್ಪ ಉತ್ಪ್ರೇಕ್ಷೆಯಿದೆ. ಅನ್ನ ಸಾರು ಖಂಡಿತ ಆಗುತ್ತದೆ. ಹೋಳಿಗೆ ಬೇಯಿಸುವಷ್ಟು ಹದವಾದ ಉರಿ ಅವನ ಸಿಟ್ಟಿಗೆ ಯಾವತ್ತೂ ಬಂದದ್ದಿಲ್ಲ.

ನಲವತ್ತು ವರ್ಷ ಸಿನಿಮಾದಲ್ಲಿ ಸವೆದು, ಮೂವತ್ತೊಂದು ಚಿತ್ರಗಳಿಗೆ ಕ್ಯಾಮೆರಾ ಹಿಡಿದು, ಅರವತ್ತೆರಡಕ್ಕೆ ಕಾಲಿಟ್ಟಿದ್ದಾನೆ. ಗಾಂಧಿನಗರದಲ್ಲಿ ಸಂಬಳಕ್ಕೆ ಜಗಳವಾಡಿದ ಕ್ಯಾಮೆರಾಮನ್‌ಗಳಿದ್ದಾರೆ, ಹೋಟೆಲ್ ರೂಮಿಗೆ ಜಗಳವಾಡಿದವರಿದ್ದಾರೆ, ಬಿರಿಯಾನಿಯಲ್ಲಿ ತುಂಡು ಕಮ್ಮಿಯಾಯಿತೆಂದು ಶೂಟಿಂಗ್ ನಿಲ್ಲಿಸಿದವರೂ ಇದ್ದಾರೆ. ಮನುಷ್ಯರ ಮೈಬಣ್ಣಕ್ಕಾಗಿ ಜಗಳವಾಡಿ ಕೆಲಸ ಕಳೆದುಕೊಂಡವನು ಇವನೊಬ್ಬನೇ.

ಅದರ ಬೇರು ಮಧುಗಿರಿಯಲ್ಲೇ ಇದೆ. ಅಪ್ಪ ಪರ್ವತಯ್ಯನಿಗೆ ಪೇಟೆಯಲ್ಲಿ ಎಣ್ಣೆ ಬೆಲ್ಲದ ಅಂಗಡಿ. ಆ ಮನೆಯವರು ಎಂಥ ಕಪ್ಪು ಎಂದರೆ, ಕರೆಂಟು ಹೋದರೆ ಹಣೆಯ ವಿಭೂತಿ ನೋಡಿ ಒಬ್ಬರನ್ನೊಬ್ಬರು ಗುರುತಿಸಬೇಕಾಗಿತ್ತು. ವಿಭೂತಿ ಅಳಿಸಿಕೊಂಡ ದಿನ ಅಮ್ಮ ಮಗನಿಗೆಂದು ಮಾಡಿದ ದೋಸೆಯನ್ನು ಅಂಗಡಿಯ ಆಳಿಗೆ ಬಡಿಸಿದ್ದೂ ಉಂಟಂತೆ.

ಹದಿನಾರನೇ ವಯಸ್ಸಿಗೆ ರುದ್ರಮುನಿ ನರಸಿಂಹರಾಜುವಿನ ಫೋಟೋ ಸ್ಟುಡಿಯೋ ಸೇರಿದ. ಕಪ್ಪುಬಿಳುಪಿನ ಕಾಲ. ನೆಗೆಟಿವ್‌ನಲ್ಲಿ ಎಲ್ಲವೂ ತಿರುಗಾಮುರುಗಾ; ಕಪ್ಪಿದ್ದದ್ದು ಬೆಳ್ಳಗೆ, ಬೆಳ್ಳಗಿದ್ದದ್ದು ಕಪ್ಪಗೆ. ಆ ನೆಗೆಟಿವ್‌ನ ಮುಖದ ಜಾಗಕ್ಕೆ ಚೂಪು ಪೆನ್ಸಿಲಿನಲ್ಲಿ ನವಿರಾಗಿ ತೀಡಿದರೆ, ಪ್ರಿಂಟ್ ಹಾಕಿದಾಗ ಅಷ್ಟು ಜಾಗ ಬೆಳ್ಳಗಾಗಿ ಬರುತ್ತದೆ. ಹೆಣ್ಣು ತೋರಿಸುವ ಫೋಟೋಗಳಿಗೆಲ್ಲ ಈ ಶಾಸ್ತ್ರ ಆಗಲೇಬೇಕು. ರುದ್ರಮುನಿಯ ಬೆರಳಲ್ಲಿ ಅದೇನು ಗುಣವಿತ್ತೋ, ಎರಡು ವರ್ಷದಲ್ಲಿ ಮಧುಗಿರಿ, ಕೊರಟಗೆರೆ, ಶಿರಾ ತಾಲ್ಲೂಕಿನ ಕಪ್ಪು ಹುಡುಗಿಯರೆಲ್ಲ ಬೆಳ್ಳಗಾಗಿಬಿಟ್ಟರು. ಕಾಶ್ಮೀರದವರು ಬಂದು ನೋಡಿದ್ದರೆ ನಾಚಿಕೊಂಡು ವಾಪಸು ಹೋಗುತ್ತಿದ್ದರು. ಬಿಳುಪನ್ನು ಸ್ಟುಡಿಯೋದಲ್ಲಿ ಪೆನ್ಸಿಲಿನ ಲೆಕ್ಕದಲ್ಲೇ ಅಳೆಯುತ್ತಿದ್ದರು.

"ಲೇ ಮುನಿ, ಈ ಹುಡ್ಗಿ ಇನ್ನೂ ಒಂದು ಪೆನ್ಸಿಲ್ ಬೆಳ್ಳಗಾಗ್ಬೇಕು ಕಣ್ಲಾ. ಗಂಡು ಬ್ಯಾಂಕ್‌ನಾಗವ್ನೆ," ಎನ್ನುತ್ತಿದ್ದ ನರಸಿಂಹರಾಜು. ಗಂಡು ಮೇಷ್ಟ್ರಾದರೆ ಅರ್ಧ ಪೆನ್ಸಿಲ್ ಸಾಕು.

ಹೀಗಿರುವಾಗ ಅಕ್ಕ ದಾಕ್ಷಾಯಣಿಗೆ ಪಾವಗಡದ ಕಡೆಯ ಸಂಬಂಧ ಬಂತು. ಅಕ್ಕನ ಫೋಟೋಕ್ಕೆ ರುದ್ರಮುನಿ ನಾಲ್ಕು ದಿನ ಕೂತ. ಪ್ರೀತಿ ತಡೆಯಲಾರದೆ ಪೆನ್ಸಿಲಿನ ಮೇಲೆ ಪೆನ್ಸಿಲ್ ಸವೆಸಿದ. ಪ್ರಿಂಟ್ ಬಂದಾಗ ದಾಕ್ಷಾಯಣಿ ಹುಣ್ಣಿಮೆಯಂತೆ ಹೊಳೆಯುತ್ತಿದ್ದಳು. ಪಾವಗಡದವರು ಫೋಟೋ ನೋಡಿ ಮರುವಾರವೇ ಜೀಪು ಮಾಡಿಕೊಂಡು ಬಂದರು. ದಾಕ್ಷಾಯಣಿ ಉಪ್ಪಿಟ್ಟಿನ ತಟ್ಟೆ ಹಿಡಿದು ಹೊರಗೆ ಬಂದಳು. ಗಂಡಿನ ತಾಯಿ ಫೋಟೋ ನೋಡಿದಳು, ಹುಡುಗಿಯನ್ನು ನೋಡಿದಳು.

"ಈಯಮ್ಮ ಕೆಲಸದೋಳಾ? ಫೋಟೋದಾಗಿರೋ ಅಮ್ಮಾಯಿನ ಕರೀರಮ್ಮ."

ಉಪ್ಪಿಟ್ಟು ಮುಟ್ಟದೆ ಎದ್ದುಹೋದರು. ಪರ್ವತಯ್ಯ ತಲೆ ತಗ್ಗಿಸಿ ಅಂಗಡಿಗೆ ಹೋದ. ದಾಕ್ಷಾಯಣಿ ಅಳಲಿಲ್ಲ. ಫೋಟೋ ತಂದು ತಮ್ಮನ ಮುಂದೆ ಹಿಡಿದಳು.

"ನಾನು ಇಷ್ಟು ಸಾಲ್ದೇ ಹೋದ್ನೇನೋ ನಿಂಗೆ?" ಎಂದಳು.

ಪಾವಗಡದವರು ಅಂದದ್ದು ಅವನಿಗೆ ಮರೆತುಹೋಗುತ್ತಿತ್ತು. ಅಕ್ಕ ಅಂದದ್ದು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತು. ಮೀನು ತಿನ್ನದ ಮನೆಯವನಿಗೆ ಮುಳ್ಳು ತೆಗೆಯುವುದೂ ಗೊತ್ತಿರಲಿಲ್ಲ. ಮರುದಿನ ಸ್ಟುಡಿಯೋಗೆ ಹೋಗಿ ಪೆನ್ಸಿಲುಗಳನ್ನೆಲ್ಲ ಮುರಿದು ನರಸಿಂಹರಾಜುವಿನ ಟೇಬಲ್ಲಿನ ಮೇಲೆ ರಾಶಿ ಹಾಕಿ, ಬೆಂಗಳೂರಿನ ಬಸ್ಸು ಹತ್ತಿದ. ಅಕ್ಕನಿಗೆ ಆಮೇಲೆ, ಫೋಟೋ ಕೇಳದೆ ನೇರವಾಗಿ ಮನೆಗೇ ಬಂದ ಕೊರಟಗೆರೆಯ ಮೇಷ್ಟ್ರೊಬ್ಬರ ಜೊತೆ ಮದುವೆಯಾಯಿತು. ಚೆನ್ನಾಗಿದ್ದಾಳೆ. ತಮ್ಮನ ಸಿಟ್ಟು ಮಾತ್ರ ಆರಲಿಲ್ಲ.

ಬೆಂಗಳೂರಿನಲ್ಲಿ ಎಂಟು ವರ್ಷ ಕ್ಯಾಮೆರಾ ಪೆಟ್ಟಿಗೆ ಹೊತ್ತ. ಆಗಿನ ಕ್ಯಾಮೆರಾ ಎಂದರೆ ಸಣ್ಣ ಎಮ್ಮೆಕರು. ಹೊತ್ತೂ ಹೊತ್ತೂ ಅವನ ಬಲಭುಜ ಎಡಭುಜಕ್ಕಿಂತ ನಾಲ್ಕು ಬೆರಳು ತಗ್ಗಿತು. ಆಮೇಲೆ ಆರು ವರ್ಷ ಸಹಾಯಕ. ಆಮೇಲೆ ಸ್ವಂತ ಕೆಲಸ. ಬೆಳಕು ಅಳೆಯಲು ಎಲ್ಲರ ಕೈಯಲ್ಲೂ ಮೀಟರ್ ಇರುತ್ತದೆ. ಇವನ ಹತ್ತಿರವೂ ಇತ್ತು. ಆದರೆ ಪ್ರತಿ ಶಾಟಿಗೂ ಮೊದಲು, ನಟ ನಿಲ್ಲುವ ಜಾಗಕ್ಕೆ ಹೋಗಿ ಬೆಳಕಿಗೆ ತನ್ನ ಮುಂಗೈ ಚಾಚಿ ನೋಡುತ್ತಿದ್ದ. "ಈ ಕೈ ಕೈಯಂಗೆ ಕಂಡ್ರೆ ನಮ್ಮೂರೋರೆಲ್ಲ ಕಾಣ್ತಾರೆ," ಎನ್ನುತ್ತಿದ್ದ.

ಮೇಕಪ್ಪಿನವರಿಗೆ ಅವನೆಂದರೆ ಯಮ. ಒಬ್ಬ ನಾಯಕನಟ ಮುಖಕ್ಕೆ ಮೈದಾಹಿಟ್ಟಿನಲ್ಲಿ ಅದ್ದಿದ ಬೋಂಡದ ಹಾಗೆ ಪೌಡರ್ ಬಳಿದುಕೊಂಡು ಬಂದಾಗ, ರುದ್ರಮುನಿ ಒಂದೊಂದೇ ದೀಪ ಆರಿಸುತ್ತ ಹೋಗಿ, ಕೊನೆಯದನ್ನೂ ಆರಿಸಿ, ಕತ್ತಲಲ್ಲಿ, "ಇವಾಗ ಸರಿಯಾಗಿದೀರ ನೋಡಿ ಸಾರ್," ಎಂದ. ಆ ಚಿತ್ರ ಅಲ್ಲಿಗೆ ಬಿಟ್ಟುಹೋಯಿತು. ಹೀಗೆ ಬಿಟ್ಟುಹೋದ ಚಿತ್ರಗಳನ್ನು ಸೇರಿಸಿದರೆ ಅವನು ನೂರ ಹನ್ನೊಂದು ಚಿತ್ರಗಳ ಛಾಯಾಗ್ರಾಹಕ.

ಕೊನೆಗೆ ನಾಗಭೂಷಣ್ ಎಂಬ ನಿರ್ಮಾಪಕ ಬಂದ. ಕೊರಟಗೆರೆಯ ಸಿಮೆಂಟ್ ವ್ಯಾಪಾರಿ, ಮೊದಲ ಸಿನಿಮಾ. ಗೊರವನಹಳ್ಳಿ ಲಕ್ಷ್ಮಿಯ ಫೋಟೋ ಕಾರಿನಲ್ಲಿ ಒಂದು, ಜೇಬಿನಲ್ಲಿ ಒಂದು, ಫೋನಿನಲ್ಲಿ ಒಂದು. ತಾಯಿ ಮಗನ ಕಥೆ. ನಿಡುಗಲ್ ಬೆಟ್ಟದ ಮೇಲೆ ಅರ್ಧ, ಗೌಡಗೆರೆಯ ಹೊಲಗಳಲ್ಲಿ ಅರ್ಧ ಶೂಟಿಂಗ್. ಮಗನ ಪಾರ್ಟಿನ ಹೊಸ ಹೀರೋ ಪಾವಗಡದವನೇ. ತನ್ನ ನೆಲದ ಬಿಸಿಲು, ತನ್ನ ನೆಲದ ಮುಖಗಳು. ರುದ್ರಮುನಿಗೆ ನಲವತ್ತು ವರ್ಷದಲ್ಲಿ ಮೊದಲ ಸಲ ಒಂದು ವಾರ ಪೂರ್ತಿ ಸಿಟ್ಟು ಬರಲಿಲ್ಲ. ಅವನ ಹೆಂಡತಿ ಹೆದರಿ ಡಾಕ್ಟರಿಗೆ ತೋರಿಸಿದಳು.

ಅಲ್ಲಿಯ ಬಿಸಿಲೋ, ನೆರಳು ಕೂಡ ನೆರಳು ಹುಡುಕಿಕೊಂಡು ಹೋಗುವಂಥದ್ದು. ತಾಯಿಯ ಪಾತ್ರಕ್ಕೆ ಬೆಂಗಳೂರಿನಿಂದ ಬಂದ ನಟಿ ಕಾರಿನ ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟು, ಆ ಕಾಲನ್ನು ಹಾಗೇ ಒಳಗೆ ತೆಗೆದುಕೊಂಡು ವಾಪಸು ಹೋದಳು. ಇಡೀ ಯೂನಿಟ್ಟು ಗೌಡಗೆರೆಯ ಹೊಲದಲ್ಲಿ ತಲೆ ಮೇಲೆ ಕೈ ಹೊತ್ತು ನಿಂತಿರುವಾಗ ಬದುವಿನ ಕಡೆಯಿಂದ ಒಂದು ದನಿ ಬಂತು.

"ಯಾರ್ರಲೇ ಅದು, ಕಡ್ಲೆಕಾಯಿ ಗಿಡದ ಮ್ಯಾಲೆ ನಿಂತಿರೋರು? ಕಾಲ್ ಮುರೀತೀನಿ! ಆ ಮೂರು ಕಾಲಿಂದು ಯಾವ್ದದು? ಅದ್ರದೂ ಮುರೀತೀನಿ!"

ಮೂರು ಕಾಲಿನದು ಕ್ಯಾಮೆರಾ ಸ್ಟ್ಯಾಂಡು. ದನಿ ಎಪ್ಪತ್ತು ದಾಟಿದ ಅಶ್ವತ್ಥಮ್ಮನದು, ಆ ಹೊಲದ ಒಡತಿ. ಕೈಯಲ್ಲಿ ಕುಡುಗೋಲು. ಉತ್ತ ಮಣ್ಣಿನ ಹಾಗೆ ಗೆರೆ ಗೆರೆಯಾದ ಮುಖ, ಗೆರೆಯ ಮೇಲೆ ಬೆವರು, ಬೆವರ ಮೇಲೆ ಸೂರ್ಯ. ರುದ್ರಮುನಿ ಒಂದು ಗಳಿಗೆ ಹಾಗೇ ನಿಂತ. ಮೀಟರೂ ಬೇಡ, ಕೈಯೂ ಬೇಡ.

"ಅಮ್ಮಾ, ಸಿನಿಮಾದಾಗೆ ತಾಯಿ ಪಾರ್ಟು ಮಾಡ್ತೀಯಾ?"

"ನಾಕು ಹೆತ್ತಿವ್ನಿ. ಇನ್ನೇನ್ ಪಾರ್ಟು ಮಾಡೋದು?"

"ಹಂಗೇ ಇದ್ರೆ ಸಾಕು ಕಣಮ್ಮ. ಬೈಯೋವಾಗ ಮಾತ್ರ ಕ್ಯಾಮೆರಾ ಕಡೆ ತಿರುಗಬೇಡ."

ಅಶ್ವತ್ಥಮ್ಮ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿ ಯೋಚಿಸಿದಳು. ಸೆರಗಿನ ಗಂಟಿನಿಂದ ಆಧಾರ್ ಕಾರ್ಡು ತೆಗೆದು ಅವನ ಮೂಗಿನ ಹತ್ತಿರ ಹಿಡಿದಳು.

"ಇದ್ರಾಗೆ ನಾನು ನನ್ನಂಗೆ ಕಾಣ್ತೀನಾ ಹೇಳು. ಸೀದ ರೊಟ್ಟಿ ಇದ್ದಂಗಿವ್ನಿ. ನಾಳೆ ನಾನು ಸತ್ರೆ ಮೊಮ್ಮಕ್ಕಳು ಇದ್ನೇ ದೊಡ್ಡದು ಮಾಡ್ಸಿ ಗ್ವಾಡೆಗೆ ನೇತಾಕ್ತಾರೆ. ನನ್ನ ಮಖ ನನ್ನ ಮಖದಂಗೆ ಬರೋ ಹಂಗೆ ಹಿಡೀತೀಯೇನಪ್ಪಾ? ಅಂಗಿದ್ರೆ ಮಾಡ್ತೀನಿ."

"ಹಿಡೀತೀನಿ ಕಣಮ್ಮ," ಎಂದ ರುದ್ರಮುನಿ. ಅವನ ಜೀವಮಾನದಲ್ಲಿ ತನ್ನ ಮುಖ ತನ್ನದರಂತೆಯೇ ಬರಲಿ ಎಂದು ಬಾಯಿಬಿಟ್ಟು ಕೇಳಿದ ನಟಿ ಇವಳೊಬ್ಬಳೇ.

ಮೂವತ್ತು ದಿನ ಹಿಡಿದ. ಮೇಕಪ್ಪಿನವನು ಸ್ಪಂಜು ಹಿಡಿದು ಅವಳ ಹತ್ತಿರ ಸುಳಿದಾಗ ನಿಡುಗಲ್ ಬೆಟ್ಟದ ಬುಡದಿಂದ ಅರ್ಧ ಬೆಟ್ಟದವರೆಗೆ ಅಟ್ಟಿಸಿಕೊಂಡು ಹೋದ. ಉಳಿದರ್ಧವನ್ನು ಮೇಕಪ್ಪಿನವನು ಭಯಕ್ಕೆ ತಾನಾಗಿಯೇ ಹತ್ತಿದ. ಒಂದು ಶಾಟಿಗೆ ಮೋಡ ಸರಿಯಲೆಂದು ರುದ್ರಮುನಿ ಮೂರು ಗಂಟೆ ಕಾದ. ಎಲ್ಲ ಮುಗಿದ ಮೇಲೆ ಬೆಂಗಳೂರಿನಲ್ಲಿ ಬಣ್ಣ ತಿದ್ದುವ ಕಂಪ್ಯೂಟರಿನ ಮುಂದೆ ಒಂಬತ್ತು ದಿನ ಕೂತು ಒಂದೊಂದು ಮುಖವನ್ನೂ ಅದದರ ಬಣ್ಣಕ್ಕೆ ತಂದು, ಸರಿಯಿದೆ ಎಂದು ಸಹಿ ಹಾಕಿ, ಮನೆಗೆ ಬಂದು ಎರಡು ದಿನ ಮಲಗಿದ.

ಬಿಡುಗಡೆಗೆ ಹದಿನೈದು ದಿನ ಇರುವಾಗ ಟ್ರೈಲರ್ ಬಂತು. ರುದ್ರಮುನಿ ಫೋನಿನಲ್ಲಿ ನೋಡಿದ. ಅಶ್ವತ್ಥಮ್ಮ ಇರಬೇಕಾದ ಜಾಗದಲ್ಲಿ ಹಾಲಿನ ಕೆನೆಯ ಬಣ್ಣದ ಯಾರೋ ಮುದುಕಿ ನಿಂತಿದ್ದಳು. ಗೆರೆಗಳೆಲ್ಲ ಇಸ್ತ್ರಿ ಹಾಕಿದಂತೆ ಮಾಯ. ಅವಳಿಗಿಂತ ಒಂದು ಪಾವು ಹೆಚ್ಚೇ ಕಪ್ಪಗಿದ್ದ ಹೀರೋ ಈಗ ಮೊಸರು. ಗೌಡಗೆರೆಯ ಕೆಂಪುಮಣ್ಣು ಮಾವಿನಹಣ್ಣಿನ ಜ್ಯೂಸು.

ಅವನು ಗಾಂಧಿನಗರದ ಆಫೀಸಿಗೆ ನಡೆದುಹೋದ ದಾರಿಯಲ್ಲಿ ಟಾರು ಕರಗಿತೆಂದು ಹೇಳುವವರಿದ್ದಾರೆ. ನಾಗಭೂಷಣ್ ಪೂಜೆ ಮಾಡುತ್ತಿದ್ದ.

"ಯಾವನ್ರೀ ಅದು, ನಾನು ಸಹಿ ಹಾಕಿದ್ದನ್ನ ತಿದ್ದಿದೋನು?"

"ಕೂತ್ಕೊಳ್ಳಿ ರುದ್ರಣ್ಣ. ಟಿವಿ ಹಕ್ಕು ಕೊಂಡ ಚಾನಲ್‌ನೋರು ಡಲ್ ಅಂದ್ರು. ಸ್ವಲ್ಪ ಬ್ರೈಟ್ ಮಾಡ್ಸಿದೀನಿ, ಅಷ್ಟೇಯ."

"ಸ್ವಲ್ಪ? ಆಯಮ್ಮಂಗೆ ಮಖಾನೇ ಇಲ್ವಲ್ರೀ!"

"ಅಣ್ಣಾ, ಜನ ಮನೇಲಿ ಕಪ್ಪು ನೋಡಿ ನೋಡಿ ಸಾಕಾಗೇ ಟಾಕೀಸಿಗೆ ಬರೋದು. ಹಾರ್ಡ್ ಡಿಸ್ಕ್‌ನ ಗೊರವನಹಳ್ಳಿಗೆ ತಗೊಂಡೋಗಿ ಅಮ್ಮನ ಪಾದಕ್ಕಿಟ್ಟು ಪೂಜೆ ಮಾಡ್ಸಿ ಆಗೋಯ್ತು. ಪೂಜೆ ಆದ್ಮೇಲೆ ಅದನ್ನ ಮುಟ್ಟಕ್ಕಾಗಲ್ಲ."

"ಆ ಲಕ್ಷ್ಮಿ ತಾಯಿ ಕೇಳಿದ್ಲೇನ್ರೀ, ಎಲ್ಲಾರ್ನೂ ಬೆಳ್ಳಗೆ ಮಾಡ್ಕೊಂಡ್ ಬಾ ಅಂತ? ನನ್ನ ಹೆಸರು ತೆಗೀರಿ. ಈ ಸುಳ್ಳಿಗೆ ನನ್ನ ಹೆಸರು ಬೇಡ."

"ಹೆಸರಾ?" ನಾಗಭೂಷಣನ ಮುಖ ಅರಳಿತು. "ಇಷ್ಟೇ ತಾನೆ!" ಎಂದು ಅಲ್ಲೇ ಫೋನು ಹಚ್ಚಿದ. ಪೂಜೆಯಾದ ಡಿಸ್ಕಿನಿಂದ ರುದ್ರಮುನಿಯ ಹೆಸರು ಐದೇ ನಿಮಿಷದಲ್ಲಿ ಹೋಯಿತು. ಮಹಾಲಕ್ಷ್ಮಿ ಏನೂ ಅನ್ನಲಿಲ್ಲ.

ರುದ್ರಮುನಿ ಕೋಟೆ ಗೆದ್ದವನ ಹಾಗೆ ಎದೆಯುಬ್ಬಿಸಿ ಹೊರಬಂದ. ನಲವತ್ತು ವರ್ಷದ ಹೆಸರನ್ನು ಎಸೆದು ಬಂದೆ ಎಂದು ಸಿಕ್ಕವರಿಗೆಲ್ಲ ಹೇಳಿದ. ಸಿಕ್ಕವರು ಬೆನ್ನು ತಟ್ಟಿದರು. ಅಶ್ವತ್ಥಮ್ಮನಿಗೆ ಮಾತ್ರ ಹೇಳಲಿಲ್ಲ. ಅವಳೇ ಫೋನು ಮಾಡಿದಳು.

"ಕ್ಯಾಮ್ರಾದಪ್ಪಾ, ಸಿರಾದಾಗೆ ಮೊದಲ್ನೇ ದಿನದ ಬೆಳಗಿನ ಆಟಕ್ಕೆ ಟೆಂಪೋ ಮಾಡೀವ್ನಿ. ಇಪ್ಪತ್ತೆರಡು ಜನ. ಮೊಬೈಲ್‌ನಾಗೆ ಬಂದದ್ದ ಯಾರೂ ನೋಡ್ಬೇಡಿ, ಟಾಕೀಸಿನಾಗೇ ನೋಡಾನ ಅಂದಿವ್ನಿ. ನೀನೂ ಬಾ. ನನ್ನ ಮಖ ನಾನೇ ನೋಡೋಕೆ ಎದೆ ಹೊಡ್ಕೊಂತೈತೆ."

"ಬರ್ತೀನಿ ಕಣಮ್ಮ," ಎಂದು, ಮಿಕ್ಕದ್ದು ಹೇಳದೆ ಫೋನಿಟ್ಟ.

ಶಿರಾದ ಟಾಕೀಸಿನಲ್ಲಿ ಅವನು ಕಳ್ಳನಂತೆ ಕೊನೆಯ ಸಾಲಿನಲ್ಲಿ ಕೂತ. ಮುಂದೆ ಗೌಡಗೆರೆಯ ಇಪ್ಪತ್ತೆರಡು ಜನ, ನಡುವೆ ಹೊಸ ಸೀರೆಯ ಅಶ್ವತ್ಥಮ್ಮ. ಚಿತ್ರ ಶುರುವಾಯಿತು. ಪರದೆ ತುಂಬ ಒಂದು ಬಿಳಿ ಮುದುಕಿ ಬಂದು, "ಯಾಕೋ ಮಗಾ, ಉಣ್ಣಲ್ವಾ?" ಎಂದಳು.

"ಅಜ್ಜೀ, ನಿನ್ನ ದನಿ!" ಎಂದಳು ಮೊಮ್ಮಗಳು ಮಧುಶ್ರೀ.

"ದನಿ ನಂದೇ. ಆಯಮ್ಮ ಯಾರು?"

"ನೀನೇ ಇರ್ಬೇಕು ಕಣಜ್ಜಿ."

"ನಾನಾ?"

ಮುಂದಿನ ಒಂದು ಗಂಟೆ ಗೌಡಗೆರೆಯವರು ಪಿಸುಗುಟ್ಟುತ್ತಲೇ ಇದ್ದರು. ಕೆಲವರು ಸೀರೆಯಿಂದ ಗುರುತು ಹಿಡಿದರು, ಕೆಲವರು ಕುಡುಗೋಲಿನಿಂದ.

ಇಂಟರ್ವಲ್‌ನಲ್ಲಿ ಚಿತ್ರತಂಡ ಹಾರ ಶಾಲುಗಳ ಸಮೇತ ಪರದೆಯ ಮುಂದೆ ಬಂತು. ನಾಗಭೂಷಣ್ ಅಶ್ವತ್ಥಮ್ಮನನ್ನು ಮೇಲೆ ಕರೆಸಿ, ಜರಿ ಶಾಲು ಬಿಡಿಸಿ ಹೊದಿಸಿ, ಮೈಕು ಕೊಟ್ಟ. "ನಮ್ಮ ಮಣ್ಣಿನ ತಾಯಿ! ಎರಡು ಮಾತು ಹೇಳಮ್ಮಾ." ಜನ ಚಪ್ಪಾಳೆ ತಟ್ಟಿದರು. ಫೋನುಗಳು ಮೇಲೆದ್ದವು.

ಅಶ್ವತ್ಥಮ್ಮ ಶಾಲು ತೆಗೆದಳು. ಕಡ್ಲೆಕಾಯಿ ಚೀಲ ಮಡಿಸುವಂತೆ ನೀಟಾಗಿ ನಾಲ್ಕು ಮಡಿಕೆ ಮಡಿಸಿದಳು. ನಾಗಭೂಷಣನ ಕೈಗಿಟ್ಟಳು.

"ಇದನ್ನ ಆ ಬೆಳ್ಳಗಿರೋ ಮುದ್ಕಿ ಸಿಕ್ರೆ ಅವಳಿಗೆ ಹೊದ್ಸಪ್ಪಾ. ನಾನು ಬರೀ ದನಿ ಕೊಟ್ಟೋಳು."

ಟಾಕೀಸಿನಲ್ಲಿ ಎದ್ದ ನಗು ಮಧುಗಿರಿ ಬೆಟ್ಟಕ್ಕೆ ಬಡಿದು ವಾಪಸು ಬಂತು. ನಾಗಭೂಷಣನೂ ನಕ್ಕ, ಬೇರೆ ದಾರಿಯಿರಲಿಲ್ಲ. ಅಶ್ವತ್ಥಮ್ಮ ನಗಲಿಲ್ಲ. ಇಳಿದು, ಇಪ್ಪತ್ತೆರಡು ಜನರನ್ನೂ ಎಬ್ಬಿಸಿಕೊಂಡು ಹೊರಗೆ ಹೋದಳು.

ರುದ್ರಮುನಿ ಟೆಂಪೋ ಹತ್ತಿರ ಓಡಿದ. "ಅಮ್ಮಾ, ನಾನಲ್ಲ. ನಾನು ಹಿಡಿದದ್ದು ಸರಿಯಾಗೇ ಇತ್ತು. ಅವ್ರು ಆಮೇಲೆ ಬೆಳ್ಳಗೆ ಮಾಡಿದ್ದು. ನನಗೆ ಎಂಥ ಸಿಟ್ಟು ಬಂತು ಅಂದ್ರೆ, ನನ್ನ ಹೆಸರನ್ನೇ ತೆಗೆಸಿ ಬಂದೆ."

"ಯಾವಾಗ?"

"ಹದಿನೈದು ದಿನ ಆಯ್ತು."

"ಹದಿನೈದು ದಿನ." ಅಶ್ವತ್ಥಮ್ಮ ಟೆಂಪೋದ ಮೆಟ್ಟಿಲ ಮೇಲೆ ನಿಂತು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನಿನ್ನ ಹೆಸ್ರು ನೀನು ಉಸಾರಾಗಿ ಎತ್ಕೊಂಡು ಬಂದೆ. ನನ್ನ ಮಖ ಯಾಕಪ್ಪಾ ಅಲ್ಲೇ ಬುಟ್ಟು ಬಂದೆ?"

ರುದ್ರಮುನಿ ಟೆಂಪೋದ ಬಾಗಿಲ ಕಂಬಿ ಹಿಡಿದ.

"ಹೆಸ್ರು ಹೋದ್ರೆ ನಿಂಗೆ ಇನ್ನೊಂದು ಸಿನಿಮಾ ಐತೆ. ನಂಗೆಲ್ಲೈತೆ? ಸಿಟ್ಟು ಬಂತಂತೆ, ಸಿಟ್ಟು! ಸಿಟ್ಟು ಬಂದೋನು ಎದ್ದು ಬರ್ತಾನೇನಯ್ಯಾ? ಅಲ್ಲೇ ಕುಂತ್ಕಬೇಕು. ನಡೀಲಾ ರಂಗೇಶ, ಗಾಡಿ ತೆಗಿ."

ಟೆಂಪೋ ಹೋಯಿತು. ರುದ್ರಮುನಿ ಆ ಧೂಳಿನಲ್ಲಿ ಎಷ್ಟು ಹೊತ್ತು ನಿಂತಿದ್ದನೆಂದರೆ, ಯಾರೋ ಅವನನ್ನು ಮೈಲಿಗಲ್ಲೆಂದು ತಿಳಿದು ಅವನ ಪಕ್ಕ ಬೈಕು ನಿಲ್ಲಿಸಿ ಬೆಂಗಳೂರಿಗೆ ಎಷ್ಟು ದೂರವೆಂದು ಬಗ್ಗಿ ನೋಡಿದರಂತೆ. ಇಷ್ಟು ವರ್ಷ ಅವನು ಆರಿಸಿದ ದೀಪಗಳು, ಬಿಟ್ಟ ಚಿತ್ರಗಳು, ಎದ್ದುಬಂದ ಆಫೀಸುಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಎಲ್ಲ ಕಡೆಯೂ ಎದ್ದೇ ಬಂದಿದ್ದ. ಎದ್ದು ಬಂದ ಮೇಲೆ ಆ ಮುಖಗಳಿಗೆ ಯಾರು ಏನು ಬಳಿದರೆಂದು ಒಂದು ಸಲವೂ ತಿರುಗಿ ನೋಡಿರಲಿಲ್ಲ. ಸಿಟ್ಟು ಮೊದಲ ಬಾರಿಗೆ ಒಳಮುಖವಾಗಿ ತಿರುಗಿತು. ಒಳಗೆ ಗಾಳಿ ಇಲ್ಲದ್ದರಿಂದ ಇನ್ನೂ ಜೋರಾಗಿ ಉರಿಯಿತು.

ಮರುದಿನ ಬೆಳಗ್ಗೆ ಆಫೀಸಿನ ಬಾಗಿಲು ತೆಗೆಯುವ ಹೊತ್ತಿಗೆ ರುದ್ರಮುನಿ ಮೆಟ್ಟಿಲ ಮೇಲಿದ್ದ. ಒಳಗೆ ಹೋಗಿ ನಾಗಭೂಷಣನ ಎದುರಿನ ಕುರ್ಚಿಯಲ್ಲಿ ಕೂತ.

"ಟಿವಿಗೆ ಹೋಗೋ ಕಾಪೀಲಿ ನಾನು ತಿದ್ದಿದ ಬಣ್ಣ ಹೋಗ್ಬೇಕು."

"ಆಗಲ್ಲ ರುದ್ರಣ್ಣ."

"ಸರಿ," ಎಂದ. ಏಳಲಿಲ್ಲ.

ಹನ್ನೊಂದು ದಿನ ಬಾಗಿಲು ತೆಗೆಯುವಾಗ ಬಂದು, ಹಾಕುವಾಗ ಹೋದ. ಕಿರುಚಲಿಲ್ಲ, ಬೈಯಲಿಲ್ಲ. ಬಂದವರೆಲ್ಲ "ಇವರ್ಯಾರು?" ಎಂದು ಕೇಳಿದಾಗ, "ನಾನಾ? ಹೆಸರಿಲ್ಲದ ಕ್ಯಾಮೆರಾಮನ್ನು, ಮಖ ಇಲ್ಲದ ಅಜ್ಜಿ ಕಡೆಯೋನು," ಎನ್ನುತ್ತಿದ್ದ. ಆ ಕೋಣೆಯ ಫ್ಯಾನು ಅವನ ಮೇಲೆ ತಿರುಗಿ ತಿರುಗಿ ಬಿಸಿಗಾಳಿ ಬೀಸಿತು. ನಾಗಭೂಷಣ್ ಎರಡು ಕೇಜಿ ಇಳಿದ. ಅಷ್ಟರಲ್ಲಿ ಶಾಲು ಮಡಿಸಿದ ವಿಡಿಯೋ ಫೋನಿಂದ ಫೋನಿಗೆ ಹಾರಿ, ಶಿರಾ ದಾಟಿ, ಚಾನಲ್‌ನವರನ್ನು ಮುಟ್ಟಿತು. ಡಲ್ ಎಂದಿದ್ದವರೇ ಫೋನು ಮಾಡಿ, ಅಜ್ಜಿಯನ್ನು ಅಜ್ಜಿಯ ಬಣ್ಣದಲ್ಲೇ ಕಳಿಸಿ ಎಂದರು. ನಾಗಭೂಷಣ್ ಕೈಮುಗಿದ.

"ಅಜ್ಜಿ ಶಾಟ್ ಮಾತ್ರ ಹಳೇ ಬಣ್ಣಕ್ಕೆ ಹಾಕಿಸ್ತೀನಿ. ಹೀರೋನ ಮುಟ್ಟಲ್ಲ. ಅವನಿಗೆ ಈಗಾಗ್ಲೇ ಸೋಪಿನ ಜಾಹೀರಾತು ಸಿಕ್ಕೈತೆ. ಎದ್ದೋಗಿ ಮಾರಾಯ್ರೇ."

ರುದ್ರಮುನಿ ಎದ್ದುಬಂದ.

ಒಂದು ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಸಿನಿಮಾ ಬಂತು. ಮುಗಿಯುತ್ತಲೇ ಗೌಡಗೆರೆಯಿಂದ ಫೋನು.

"ಕ್ಯಾಮ್ರಾದಪ್ಪಾ, ನೋಡ್ದೆ ಕಣಪ್ಪಾ. ಇಷ್ಟು ಕಪ್ಪಗಿವ್ನಾ ನಾನು?"

ರುದ್ರಮುನಿಗೆ ಸಿಟ್ಟು ರಪ್ಪನೆ ನೆತ್ತಿಗೇರಿತು. "ಅಲ್ಲಮ್ಮಾ, ಅದಕ್ಕೇ ತಾನೇ ನಾನು ಹನ್ನೊಂದು ದಿನ..."

"ತಡಿಯಪ್ಪ, ಬಯ್ಬೇಡ. ನಾನೇ ಅದು. ನಮ್ಮವ್ವನೂ ಹಿಂಗೇ ಇದ್ಲು. ಮಧುಶ್ರೀ ಅದ್ರಾಗಿಂದು ಒಂದು ಫೋಟೋ ಮಾಡ್ಸಿ ಗ್ವಾಡೆಗೆ ಹಾಕ್ತೀನಿ ಅಂತವಳೆ. ಆಧಾರ್ ಕಾರ್ಡು ಇನ್ನು ಸೊಸೈಟಿ ಅಕ್ಕಿಗೆ ಮಾತ್ರ." ಅವಳು ದನಿ ತಗ್ಗಿಸಿದಳು. "ಆದ್ರೆ ಒಂದು ಮಾತು. ಊರಿನಾಗೆ ಎಲ್ಲಾ ಕೇಳ್ತಾವ್ರೆ, ಇಂಥ ಕಪ್ಪು ತಾಯಿಗೆ ಅಂಥ ಸುಣ್ಣದ ಮಗ ಹೆಂಗೆ ಹುಟ್ಟಿದ್ನಮ್ಮಾ ಅಂತ. ಮರ್ವಾದೆ ಪ್ರಶ್ನೆ ಕಣಪ್ಪಾ ಇದು. ಆ ಹುಡ್ಗನ ಮಖ ಯಾವತ್ತು ಬುಡ್ಸಿಕೊಂಡು ಬತ್ತೀಯಾ?"

ರುದ್ರಮುನಿ ಫೋನಿಟ್ಟ. ಭಾನುವಾರ ಆಫೀಸು ಇರುವುದಿಲ್ಲವೆಂದು ಹೆಂಡತಿ ಹೇಳುತ್ತಿದ್ದಂತೆಯೇ ಚಪ್ಪಲಿ ಮೆಟ್ಟಿಕೊಂಡ.

"ಮೆಟ್ಟಿಲಿರುತ್ತಲ್ಲ," ಎಂದ.